ಸರಳ ಜಾಲತಾಣಕ್ಕೆ ಭಾಷೆ ಬದಲಿಸುವ ಬಟನ್: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಭಾಷೆಗಳಲ್ಲಿ ತಾಣ ಕಟ್ಟಲು ಹೊರಟವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಪುಟ ಬರೆಯುವ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯ ಟ್ಯಾಗುಗಳು ಮತ್ತು ಭಾಷಾ ಸಂಕೇತಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ; ಕಡತದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪಿಸಬೇಕು.

## ಆರಂಭಿಸುವವರಿಗೆ

ನಮ್ಮ ತಾಣದಲ್ಲಿ ಇರುವುದೇ ಐದು ಪುಟ. ಬ್ರೌಸರೇ ಅನುವಾದ ಮಾಡಿ ತೋರಿಸುವಾಗ ಭಾಷಾ ಬಟನ್ ಯಾಕೆ ಬೇಕು?

ಬ್ರೌಸರಿನ ಅನುವಾದ ಓದುಗರ ಕೈಯಲ್ಲಿರುವ ಸಾಧನ. ಅದರಲ್ಲಿ ಮೂಡುವ ವಾಕ್ಯಗಳಿಗೆ ನೀವು ಹೊಣೆಯಾಗುವುದೂ ಇಲ್ಲ, ಅವನ್ನು ತಿದ್ದುವ ಅವಕಾಶವೂ ನಿಮಗಿಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನಿಂದ ಈಚೆಗೆ ಯಂತ್ರಾನುವಾದ ಬಹಳ ಸುಧಾರಿಸಿದೆಯಾದರೂ, ಮೆನು, ಬಟನ್, ನಮೂನೆಯ ಖಾನೆ ಮುಂತಾದ ಕಡೆ ಒಂದೇ ಒಂದು ಪದವಿದ್ದು ಹಿಂದುಮುಂದಿನ ಸಂದರ್ಭ ಸಿಗದಿರುವುದರಿಂದ ಅದು ಈಗಲೂ ಎಡವುತ್ತದೆ. 'ಹೋಮ್' ಎಂಬುದು 'ಮನೆ'ಯಾಗುವುದು, 'ಬ್ಯಾಕ್' ಎಂಬುದು 'ಬೆನ್ನು' ಆಗುವುದು ಇಂಥಲ್ಲಿಯೇ. ಇದಲ್ಲದೆ ಬ್ರೌಸರ್ ಅನುವಾದಿಸಿದ ಪುಟಕ್ಕೆ ತನ್ನದೇ ವಿಳಾಸವಿರುವುದಿಲ್ಲವಾದ್ದರಿಂದ ಅದನ್ನು ಇನ್ನೊಬ್ಬರಿಗೆ ಕಳಿಸಲು ಬರುವುದಿಲ್ಲ, ಕನ್ನಡದಲ್ಲಿ ಹುಡುಕುವವರಿಗೆ ಅದು ಸಿಗುವುದೂ ಇಲ್ಲ. ಐದೇ ಪುಟಗಳಿರುವುದು ನಿಮ್ಮ ಅನುಕೂಲಕ್ಕೇ ಆಯಿತು: ಕೈಯಾರೆ ಅನುವಾದಿಸಿ ಮುಗಿಸಬಹುದಾದ ಗಾತ್ರ ಅದು.

ಬಟನ್ ಒತ್ತಿದಾಗ ಅನುವಾದ ಮಾಡುವವರು ಯಾರು? ಅದಕ್ಕೆ ಯಾವ ಪ್ಲಗಿನ್ ಹಾಕಬೇಕು?

ಬಟನ್ ಏನನ್ನೂ ಅನುವಾದಿಸುವುದಿಲ್ಲ. ಮೊದಲೇ ಬರೆದಿಟ್ಟ ಎರಡು ಪುಟಗಳ ನಡುವೆ ಅದೊಂದು ಬಾಗಿಲು, ಅಷ್ಟೇ. ಕೆಲಸದ ಬಹುಪಾಲು ಬರವಣಿಗೆಯಲ್ಲಿದೆ, ಉಳಿದದ್ದು ವಿಳಾಸಗಳ ಶಿಸ್ತಿನಲ್ಲಿದೆ, ಬಟನ್ನಿನ ಪಾಲು ತೀರ ಚಿಕ್ಕದು. ಸರಳ ತಾಣಕ್ಕೆ ಪ್ಲಗಿನ್, ಅಂದರೆ ಹೊರಗಿನಿಂದ ತಂದು ಸೇರಿಸುವ ತಂತ್ರಾಂಶದ ತುಣುಕು, ಬೇಕಾಗಿಲ್ಲ. ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸುವವರಿಗೆ ಪಾಲಿಲ್ಯಾಂಗ್, ಡಬ್ಲ್ಯೂಪಿಎಂಎಲ್ ಮೊದಲಾದ ಪ್ಲಗಿನ್‌ಗಳು ಇವೆ. ಹ್ಯೂಗೋ ಎಂಬ ಇನ್ನೊಂದು ತಂತ್ರಾಂಶ ಬಳಸುವವರಿಗೆ ಬಹುಭಾಷಾ ವ್ಯವಸ್ಥೆ ಅದರೊಳಗೇ ಇದೆ. ಅವೂ ಮಾಡುವುದು ಇದನ್ನೇ: ಯಾವ ಪುಟಕ್ಕೆ ಯಾವ ಪುಟ ಜೋಡಿ ಎಂಬ ಲೆಕ್ಕ ಇಡುವುದು.

ಕೋಡಿಂಗ್ ಅಷ್ಟಾಗಿ ಬರುವುದಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ ಯಾವುದು?

ತಾಣದ ಫೋಲ್ಡರಿನೊಳಗೆ 'ಕೆಎನ್' ಮತ್ತು 'ಇಎನ್' ಎಂಬ ಎರಡು ಫೋಲ್ಡರುಗಳನ್ನು ಮಾಡಿ, ಪ್ರತಿ ಪುಟವನ್ನೂ ಎರಡರಲ್ಲಿಯೂ ಒಂದೇ ಕಡತದ ಹೆಸರಿನಿಂದ ಇಡಿ. ಕನ್ನಡದ ಸಂಪರ್ಕ ಪುಟ ಕೆಎನ್ ಫೋಲ್ಡರಿನಲ್ಲಿ 'ಕಾಂಟ್ಯಾಕ್ಟ್' ಎಂಬ ಕಡತವಾಗಿದ್ದರೆ, ಇಂಗ್ಲಿಷಿನದು ಇಎನ್ ಫೋಲ್ಡರಿನಲ್ಲಿ ಅದೇ ಹೆಸರಿನಲ್ಲಿರಲಿ. ಬಳಿಕ ಕನ್ನಡ ಪುಟದ ತಲೆಭಾಗದಲ್ಲಿ ಇಂಗ್ಲಿಷ್ ಜೋಡಿಗೆ ಒಂದು ಸಾಮಾನ್ಯ ಕೊಂಡಿ, ಇಂಗ್ಲಿಷ್ ಪುಟದ ತಲೆಭಾಗದಲ್ಲಿ ಕನ್ನಡ ಜೋಡಿಗೆ ಒಂದು ಸಾಮಾನ್ಯ ಕೊಂಡಿ. ಸ್ಕ್ರಿಪ್ಟ್ (ಪುಟದೊಳಗೆ ಓಡುವ ಚಿಕ್ಕ ಪ್ರೋಗ್ರಾಂ) ಬೇಡ, ಕುಕಿ (ಬ್ರೌಸರಿನಲ್ಲಿ ಉಳಿಸಿಡುವ ಚಿಕ್ಕ ಟಿಪ್ಪಣಿ) ಬೇಡ, ಸರ್ವರಿನಲ್ಲಿ ಯಾವ ಬದಲಾವಣೆಯೂ ಬೇಡ. ಪ್ರತಿ ಕೊಂಡಿಗೂ ಎರಡು ಗುಣಗಳನ್ನು ಕೊಡುವುದು ಒಳ್ಳೆಯದು: ಎಚ್‌ರೆಫ್‌ಲ್ಯಾಂಗ್ ಎಂಬುದು ಆ ಕೊಂಡಿ ಒಯ್ಯುವ ಪುಟದ ಭಾಷೆಯನ್ನು ಹೇಳುತ್ತದೆ, ಲ್ಯಾಂಗ್ ಎಂಬುದು ಕೊಂಡಿಯ ಮೇಲೆ ಬರೆದಿರುವ ಪದದ ಭಾಷೆಯನ್ನು ಹೇಳುತ್ತದೆ. ಇಂಗ್ಲಿಷ್ ಪುಟದಲ್ಲಿರುವ 'ಕನ್ನಡ' ಎಂಬ ಕೊಂಡಿಗೆ ಎರಡೂ 'ಕೆಎನ್' ಆಗಿರುತ್ತವೆ.

ಕಡತಗಳ ಹೆಸರು ಎರಡೂ ಕಡೆ ಒಂದೇ ಇದ್ದರೆ, ವಿಳಾಸದ ನಡುವಿನ ಎರಡು ಅಕ್ಷರ ಬದಲಿಸಿದರೆ ಸಾಕು, ಜೋಡಿ ಪುಟ ಸಿಗುತ್ತದೆ. ಮುಂದೆ ಪುಟಗಳು ಐವತ್ತಾದಾಗ ಈ ಚಿಕ್ಕ ಶಿಸ್ತು ಎಷ್ಟು ತಲೆನೋವು ತಪ್ಪಿಸುತ್ತದೆ ಎಂಬುದು, ಅದನ್ನು ಪಾಲಿಸದೆ ಕೆಟ್ಟ ನನಗೆ ಚೆನ್ನಾಗಿ ಗೊತ್ತು.

ಒಂದೇ ಪುಟದಲ್ಲಿ ಎರಡೂ ಭಾಷೆ ಇಟ್ಟು, ಸ್ಕ್ರಿಪ್ಟಿನಿಂದ ಒಂದನ್ನು ಅಡಗಿಸಿದರೆ ಸಾಲದೆ?

ಮೇಲ್ನೋಟಕ್ಕೆ ಇದೇ ಚಂದದ ಉಪಾಯವೆನಿಸುತ್ತದೆ. ಹೆಚ್ಚಿನವರು ಮೊದಲು ಹಿಡಿಯುವ ದಾರಿಯೂ ಇದೇ. ಒಂದೇ ಹಾಳೆಯ ಆಹ್ವಾನಪತ್ರಿಕೆಯಂಥ ತಾಣಕ್ಕೆ ಇದು ನಡೆಯುತ್ತದೆ. ಅದಕ್ಕಿಂತ ದೊಡ್ಡದಾದರೆ ತೊಂದರೆಗಳು ಒಂದೊಂದಾಗಿ ಎದುರಾಗುತ್ತವೆ. ಎರಡು ಭಾಷೆಗೂ ಒಂದೇ ವಿಳಾಸವಿರುವುದರಿಂದ, ಕನ್ನಡದಲ್ಲಿ ಓದಿ ಮೆಚ್ಚಿ ಕಳಿಸಿದ ಕೊಂಡಿ ಪಡೆದವರಿಗೆ ಇಂಗ್ಲಿಷಿನಲ್ಲಿ ತೆರೆದುಕೊಳ್ಳುತ್ತದೆ. ಪುಟದ ಶೀರ್ಷಿಕೆ ಒಂದೇ ಇರುತ್ತದೆ. ಹುಡುಕು ಎಂಜಿನ್ನಿಗೆ ಎರಡು ಭಾಷೆ ಕಲಸಿದ ಒಂದು ಪುಟ ಕಾಣುತ್ತದೆ. ಪಠ್ಯವನ್ನೆಲ್ಲ ಸ್ಕ್ರಿಪ್ಟೇ ತುಂಬುವುದಾದರೆ, ನಿಧಾನದ ಸಂಪರ್ಕದಲ್ಲಿ ಮೊದಲು ಇಂಗ್ಲಿಷ್ ಮಿಂಚಿ, ಓದಲು ಶುರುಮಾಡುವಷ್ಟರಲ್ಲಿ ಕನ್ನಡ ಬಂದು ಕೂರುತ್ತದೆ. ಸ್ಕ್ರಿಪ್ಟ್ ಕೆಟ್ಟ ದಿನ ಎರಡೂ ಭಾಷೆ ಒಂದರ ಕೆಳಗೊಂದು ಕಾಣಿಸಿಕೊಳ್ಳಬಹುದು, ಅಥವಾ ಯಾವುದೂ ಕಾಣಿಸದಿರಬಹುದು. ಲೆಕ್ಕಪಟ್ಟಿ, ಆಟ, ಪರಿವರ್ತಕ ಮುಂತಾದ ಚಿಕ್ಕ ಉಪಕರಣಗಳಿಗೆ ಮಾತ್ರ ಈ ವಿಧಾನ ತಕ್ಕದ್ದು ಎಂದು ನನ್ನ ಅಭಿಪ್ರಾಯ. ಓದಲೆಂದೇ ಬರೆದ ಪುಟಗಳಿಗಲ್ಲ.

ಫೋಲ್ಡರ್, ಸಬ್‌ಡೊಮೈನ್, ಬೇರೆಯದೇ ಡೊಮೈನ್: ಯಾವುದು ಸರಿ?

ಮೂರೂ ಸರಿ, ಸರಳ ತಾಣಕ್ಕೆ ಫೋಲ್ಡರ್ ಸಾಕು. ತಾಣದ ಹೆಸರಿನ ಮೊದಲು ಇನ್ನೊಂದು ಹೆಸರು ಸೇರುವ ಸಬ್‌ಡೊಮೈನಿಗೆ ಹೆಚ್ಚುವರಿ ಸಜ್ಜಿಕೆ ಬೇಕು, ಬೇರೆ ಡೊಮೈನಿಗೆ ಪ್ರತಿ ವರ್ಷ ಹಣ ಕಟ್ಟಬೇಕು. ಅಲ್ಲದೆ ದೇಶದ ಡೊಮೈನ್ ದೇಶವನ್ನು ಹೇಳುತ್ತದೆಯೇ ಹೊರತು ಭಾಷೆಯನ್ನಲ್ಲ. ಕನ್ನಡದ ಭಾಷಾ ಸಂಕೇತ ಕೆಎನ್ ಆಗಿದ್ದರೂ ಡಾಟ್ ಕೆಎನ್ ಎಂಬ ಡೊಮೈನ್ ಕೆರಿಬಿಯನ್ ದ್ವೀಪರಾಷ್ಟ್ರವಾದ ಸೇಂಟ್ ಕಿಟ್ಸ್ ಮತ್ತು ನೆವಿಸ್‌ನದು. ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಭಾಷೆಯನ್ನು ಸೂಚಿಸುವ ನಾಲ್ಕನೆಯ ವಿಧಾನವೊಂದಿದೆ. ಕೊಂಡಿ ನಕಲಿಸುವವರು ಆ ಬಾಲವನ್ನು ಕತ್ತರಿಸಿಬಿಡುತ್ತಾರಾದ್ದರಿಂದ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

## ಬಟನ್ ಹೇಗಿರಬೇಕು, ಎಲ್ಲಿರಬೇಕು

ಭಾಷೆಯ ಹೆಸರಿನ ಬದಲು ಧ್ವಜ ಹಾಕಿದರೆ ನೋಡಲು ಚೆನ್ನಾಗಿರುವುದಿಲ್ಲವೆ?

ಧ್ವಜ ದೇಶದ ಗುರುತು. ಸ್ವಿಟ್ಜರ್‌ಲೆಂಡಿನ ಒಂದು ಧ್ವಜದಡಿ ನಾಲ್ಕು ರಾಷ್ಟ್ರಭಾಷೆಗಳಿವೆ. ಭಾರತದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿಯೇ 22 ಭಾಷೆಗಳಿವೆ. ಅತ್ತ ಪೋರ್ಚುಗೀಸಿಗೆ ಪೋರ್ಚುಗಲ್ಲಿನ ಧ್ವಜ ಹಾಕಿದರೆ, ಆ ಭಾಷೆಯನ್ನಾಡುವವರಲ್ಲಿ ಬಹುಪಾಲು ಜನರಿರುವ ಬ್ರೆಜಿಲ್ಲನ್ನು ಬಿಟ್ಟಂತಾಗುತ್ತದೆ. ಕನ್ನಡಕ್ಕೆ ಯಾವ ಧ್ವಜ ಹಾಕುತ್ತೀರಿ ಎಂದು ಕೇಳಿಕೊಂಡರೆ ಪ್ರಶ್ನೆ ಅಲ್ಲಿಗೇ ಬಗೆಹರಿಯುತ್ತದೆ. ತಾಂತ್ರಿಕ ತೊಡಕೂ ಉಂಟು: ವಿಂಡೋಸಿನ ಇಮೋಜಿ ಫಾಂಟಿನಲ್ಲಿ ದೇಶಗಳ ಧ್ವಜಗಳಿಲ್ಲದ ಕಾರಣ, ಅಲ್ಲಿನ ಹಲವು ಬ್ರೌಸರುಗಳಲ್ಲಿ ನೀವಿಟ್ಟ ಧ್ವಜದ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ.

ಇಂಗ್ಲಿಷ್ ಪುಟದಲ್ಲಿ 'ಕನ್ನಡ' ಎಂದು ಇಂಗ್ಲಿಷಿನಲ್ಲಿ ಬರೆಯಬೇಕೆ, ಕನ್ನಡದಲ್ಲಿಯೇ ಬರೆಯಬೇಕೆ?

ಕನ್ನಡದಲ್ಲಿಯೇ. ಆ ಕೊಂಡಿ ಬೇಕಾಗಿರುವುದು ಇಂಗ್ಲಿಷ್ ಪುಟದಲ್ಲಿ ದಾರಿ ತಪ್ಪಿ ನಿಂತಿರುವ ಕನ್ನಡ ಓದುಗರಿಗೆ. ಅವರ ಕಣ್ಣು ಸಾಲುಗಳ ನಡುವೆ ತನ್ನ ಲಿಪಿಯನ್ನೇ ಹುಡುಕುತ್ತಿರುತ್ತದೆ. ಇದೇ ನ್ಯಾಯ ಎಲ್ಲ ಭಾಷೆಗೂ ಸಲ್ಲುತ್ತದೆ: ತಮಿಳು ತಮಿಳಿನಲ್ಲಿ, ಉರ್ದು ಉರ್ದುವಿನಲ್ಲಿ, ಜಪಾನೀಸ್ ಜಪಾನೀಸಿನಲ್ಲಿ. ಈಗ ಓದುತ್ತಿರುವ ಭಾಷೆಯ ಹೆಸರನ್ನು ತೋರಿಸಬೇಕೋ ಇನ್ನೊಂದರ ಹೆಸರನ್ನೋ ಎಂಬ ಗೊಂದಲ ಎರಡು ಭಾಷೆಯ ತಾಣಗಳಲ್ಲಿ ಸಾಮಾನ್ಯ. ಒಂದೇ ಬಟನ್ ಇದ್ದು ಅದರ ಮೇಲೆ 'ಕನ್ನಡ' ಎಂದಿದ್ದರೆ, ಅದು ಈಗಿನ ಸ್ಥಿತಿಯೋ ಒತ್ತಿದರೆ ಆಗುವುದೋ ತಿಳಿಯುವುದಿಲ್ಲ. ಎರಡೂ ಹೆಸರನ್ನು ಅಕ್ಕಪಕ್ಕ ಬರೆದು, ಈಗಿನದನ್ನು ಕೊಂಡಿಯಲ್ಲದ ದಪ್ಪ ಅಕ್ಷರದಲ್ಲಿಟ್ಟರೆ ಗೊಂದಲಕ್ಕೆ ಎಡೆಯಿರದು.

ಪುಟದಲ್ಲಿ ಎಲ್ಲಿಡಬೇಕು? ಡ್ರಾಪ್‌ಡೌನ್ ಮಾಡಬಹುದೆ?

ತಲೆಭಾಗದ ಬಲ ಮೂಲೆಯಲ್ಲಿ ಹುಡುಕುವ ರೂಢಿ ಜನರಲ್ಲಿ ಬೆಳೆದಿದೆ, ಅದನ್ನು ಮುರಿಯಬೇಕಾಗಿಲ್ಲ. ಮೊಬೈಲಿನಲ್ಲಿ ಮೂರು ಗೆರೆಯ ಮೆನುವಿನೊಳಗೆ ಅದನ್ನು ಹೂತುಹಾಕಬೇಡಿ, ಏಕೆಂದರೆ ಆ ಭಾಷೆಯೇ ಬಾರದವರು ಮೆನುವಿನೊಳಗೆ ಇಳಿದು ಹುಡುಕುವುದು ಕಡಿಮೆ. ನಾಲ್ಕೈದು ಭಾಷೆಯವರೆಗೆ ಎಲ್ಲ ಹೆಸರುಗಳನ್ನೂ ಸಾಲಾಗಿ ಬರೆಯುವುದೇ ಮೇಲು. ಅದಕ್ಕಿಂತ ಹೆಚ್ಚಾದರೆ ಡ್ರಾಪ್‌ಡೌನ್ ಬೇಕಾಗುತ್ತದೆ. ಆಗ ಆಯ್ಕೆ ಬದಲಾದ ಕ್ಷಣಕ್ಕೇ ಪುಟ ಹಾರುವಂತೆ ಮಾಡಬಾರದು. ಕೀಲಿಮಣೆಯ ಬಾಣದ ಗುಂಡಿಯಿಂದ ಪಟ್ಟಿಯಲ್ಲಿ ಕೆಳಗಿಳಿಯುವವರು ಮೂರನೆಯ ಭಾಷೆಗೆ ತಲುಪುವ ಮೊದಲೇ ಎರಡನೆಯದರ ಪುಟಕ್ಕೆ ಎಸೆಯಲ್ಪಡಬಹುದು. ಮುನ್ಸೂಚನೆ ಕೊಡದೆ ಹೀಗೆ ಮಾಡುವುದು ಡಬ್ಲ್ಯೂಸಿಎಜಿ ಎಂಬ ಸುಗಮ್ಯತೆಯ ಮಾರ್ಗಸೂಚಿಯ 3.2.2ನೆಯ ಅಂಶಕ್ಕೂ ವಿರುದ್ಧ. ಡಿಟೇಲ್ಸ್ ಮತ್ತು ಸಮ್ಮರಿ ಎಂಬ ಎಚ್‌ಟಿಎಂಎಲ್ ಟ್ಯಾಗುಗಳೊಳಗೆ ಸಾಮಾನ್ಯ ಕೊಂಡಿಗಳನ್ನಿಟ್ಟರೆ ಸ್ಕ್ರಿಪ್ಟಿಲ್ಲದೆಯೇ ತೆರೆದು ಮುಚ್ಚುವ ಪಟ್ಟಿ ಸಿದ್ಧವಾಗುತ್ತದೆ.

ಲೇಖನ ಓದುತ್ತಾ ಬಟನ್ ಒತ್ತಿದರೆ ಮುಖಪುಟಕ್ಕೆ ಹೋಗುತ್ತದೆ. ಅದು ತಪ್ಪೆ? ಅನುವಾದವಾಗದ ಪುಟವಾದರೆ ಏನು ಮಾಡಬೇಕು?

ತಪ್ಪು, ಮತ್ತು ಓದುಗರಿಗೆ ಅತಿ ಹೆಚ್ಚು ಸಿಟ್ಟು ತರಿಸುವ ತಪ್ಪು. ಹತ್ತನೆಯ ಪುಟದಲ್ಲಿದ್ದವರು ಇನ್ನೊಂದು ಭಾಷೆಯ ಹತ್ತನೆಯ ಪುಟಕ್ಕೇ ಹೋಗಬೇಕು. ಮುಖಪುಟಕ್ಕೆ ಬಿಟ್ಟರೆ ಅಲ್ಲಿಂದ ಮತ್ತೆ ಹುಡುಕಿಕೊಂಡು ಬರುವವರು ವಿರಳ. ಮುಖಪುಟದ ತಲೆಭಾಗವನ್ನು ಹಾಗೆಯೇ ಉಳಿದ ಪುಟಗಳಿಗೆ ನಕಲಿಸಿದಾಗ ಈ ದೋಷ ತನ್ನಷ್ಟಕ್ಕೆ ನುಸುಳುತ್ತದೆ, ಏಕೆಂದರೆ ಕೊಂಡಿಯೂ ನಕಲಾಗಿರುತ್ತದೆ.

ಜೋಡಿ ಪುಟ ಇನ್ನೂ ಇಲ್ಲದಿದ್ದಾಗ ಕೊಂಡಿಯನ್ನು ಮೌನವಾಗಿ ತೆಗೆದುಹಾಕುವುದೂ, ಇಂಗ್ಲಿಷ್ ಪಠ್ಯವನ್ನೇ ಕೆಎನ್ ವಿಳಾಸದಲ್ಲಿಟ್ಟು ತೋರಿಸುವುದೂ ಒಳ್ಳೆಯದಲ್ಲ. 'ಈ ಪುಟ ಸದ್ಯ ಇಂಗ್ಲಿಷಿನಲ್ಲಿ ಮಾತ್ರ ಇದೆ' ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದು, ಅದರ ಕೆಳಗೆ ಕನ್ನಡ ಮುಖಪುಟಕ್ಕೆ ಕೊಂಡಿ ಕೊಟ್ಟರೆ ಓದುಗರಿಗೆ ಎಲ್ಲಿದ್ದೇವೆಂದು ತಿಳಿಯುತ್ತದೆ.

## ಕೋಡಿನೊಳಗೆ

ಪುಟ ಸರಿಯಾಗಿಯೇ ಕಾಣುತ್ತಿದೆ. ಆದರೂ ಲ್ಯಾಂಗ್ ಎಂದು ಬರೆಯಲೇಬೇಕೆ?

ಬರೆಯಲೇಬೇಕು. ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ ಗುಣ ಕಣ್ಣಿಗೆ ಕಾಣಿಸದ ಕಡೆಯಲ್ಲೆಲ್ಲ ಕೆಲಸ ಮಾಡುತ್ತದೆ: ಪರದೆ ಓದುವ ತಂತ್ರಾಂಶ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು, ಬ್ರೌಸರ್ ಯಾವ ಫಾಂಟ್ ಆರಿಸಬೇಕು, ಸಾಲಿನ ಕೊನೆಯಲ್ಲಿ ಪದ ಎಲ್ಲಿ ಒಡೆಯಬೇಕು ಎಂಬುದಕ್ಕೆಲ್ಲ ಅದು ಆಧಾರ. ಡಬ್ಲ್ಯೂಸಿಎಜಿಯಲ್ಲಿ ಪುಟದ ಭಾಷೆಯನ್ನು ಸೂಚಿಸುವುದು ತೀರ ಮೂಲಭೂತವಾದ ಎ ಮಟ್ಟದ ನಿಯಮ. ಪುಟದ ನಡುವೆ ಬರುವ ಅನ್ಯಭಾಷೆಯ ಭಾಗಗಳನ್ನು ಸೂಚಿಸುವುದು ಎಎ ಮಟ್ಟದ್ದು.

ನಾನು ಮೊದಲು ಮಾಡಿದ ದ್ವಿಭಾಷಾ ತಾಣದಲ್ಲಿ ಇಂಗ್ಲಿಷ್ ಪುಟಗಳನ್ನು ನಕಲಿಸಿ, ಒಳಗಿನ ಪಠ್ಯವನ್ನೆಲ್ಲ ಕನ್ನಡಕ್ಕೆ ಬದಲಿಸಿ, ಮೊದಲ ಸಾಲಿನ 'ಇಎನ್' ಅನ್ನು ಹಾಗೆಯೇ ಬಿಟ್ಟಿದ್ದೆ. ತಿಂಗಳುಗಟ್ಟಲೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಕಣ್ಣು ಕಾಣದ ಓದುಗರೊಬ್ಬರು, ನಿಮ್ಮ ಕನ್ನಡ ಪುಟದಲ್ಲಿ ಅಂಕಿಗಳು ಮತ್ತು ಇಂಗ್ಲಿಷ್ ಹೆಸರುಗಳು ಮಾತ್ರ ಕೇಳಿಸುತ್ತಿವೆ, ನಡುವೆಯೆಲ್ಲ ಮೌನ ಎಂದಾಗಲೇ ವಿಷಯ ತಿಳಿದದ್ದು. ಇಂಗ್ಲಿಷ್ ಧ್ವನಿಗೆ ಕನ್ನಡ ಅಕ್ಷರಗಳು ಓದಲಾಗದೆ ಅದು ಅವನ್ನು ದಾಟಿಕೊಂಡು ಹೋಗುತ್ತಿತ್ತು. ಬದಲಿಸಬೇಕಾಗಿದ್ದದ್ದು ಪುಟಕ್ಕೆ ಎರಡೇ ಅಕ್ಷರ.

ಕನ್ನಡದ ಸಂಕೇತ ಕೆಎ ಅಲ್ಲವೆ? ತುಳು, ಕೊಡವ ಭಾಷೆಗಳಿಗೂ ಸಂಕೇತ ಇದೆಯೆ?

ಕೆಎ ಎಂಬುದು ಜಾರ್ಜಿಯನ್ ಭಾಷೆಯದು, ಕನ್ನಡಕ್ಕೆ ಕೆಎನ್. ಎರಡಕ್ಷರದ ಈ ಸಂಕೇತಗಳು ಐಎಸ್‌ಒ 639-1 ಎಂಬ ಪಟ್ಟಿಯವು, ಮತ್ತು ಆ ಪಟ್ಟಿಯಲ್ಲಿ ಎಲ್ಲ ಭಾಷೆಗಳೂ ಇಲ್ಲ. ಅಲ್ಲಿಲ್ಲದವುಗಳಿಗೆ ಮೂರಕ್ಷರದ ಸಂಕೇತ ಬಳಸಬೇಕು: ತುಳುವಿಗೆ ಟಿಸಿವೈ, ಕೊಡವಕ್ಕೆ ಕೆಎಫ್ಎ, ಕೊಂಕಣಿಗೆ ಕೆಒಕೆ. ಭಾಷೆಯ ಜೊತೆಗೆ ದೇಶವನ್ನೂ ಹೇಳಬೇಕಾದರೆ ಅಡ್ಡಗೆರೆ ಹಾಕಿ ದೇಶದ ಸಂಕೇತ ಸೇರಿಸಬಹುದು, ಆದರೆ ಬೇಕಿಲ್ಲದ ಕಡೆ ಸೇರಿಸಬೇಡಿ. ಬರೀ ಕೆಎನ್ ಸಾಕು. ಬ್ರಿಟಿಷ್ ಇಂಗ್ಲಿಷಿಗೆ 'ಇಎನ್-ಯುಕೆ' ಎಂದು ಬರೆಯುವುದು ಬಹಳ ಕಡೆ ಕಾಣುವ ತಪ್ಪು, ಸರಿಯಾದದ್ದು 'ಇಎನ್-ಜಿಬಿ'. ಒಂದೇ ಭಾಷೆಗೆ ಎರಡು ಲಿಪಿಗಳಿದ್ದರೆ ನಾಲ್ಕಕ್ಷರದ ಲಿಪಿ ಸಂಕೇತ ಸೇರುತ್ತದೆ. ಸರ್ಬಿಯನ್ ತಾಣಗಳಲ್ಲಿ ಸಿರಿಲಿಕ್ ಮತ್ತು ಲ್ಯಾಟಿನ್ ರೂಪಗಳನ್ನು ಹೀಗೆಯೇ ಬೇರ್ಪಡಿಸುತ್ತಾರೆ.

ಬಂದವರ ಬ್ರೌಸರಿನ ಭಾಷೆ ನೋಡಿ ಪುಟ ತಾನೇ ಬದಲಾದರೆ ಬಟನ್ನೇ ಬೇಡವಲ್ಲ?

ಬ್ರೌಸರ್ ಪ್ರತಿ ಕೋರಿಕೆಯ ಜೊತೆಗೆ ಆಕ್ಸೆಪ್ಟ್-ಲ್ಯಾಂಗ್ವೇಜ್ ಎಂಬ ಸಾಲನ್ನು ಕಳಿಸುತ್ತದೆ; ಅದರಲ್ಲಿ ಭಾಷೆಗಳೂ, 0ಯಿಂದ 1ರವರೆಗಿನ ಆದ್ಯತೆಯ ಅಂಕಗಳೂ ಇರುತ್ತವೆ. ಸಮಸ್ಯೆಯೆಂದರೆ ಆ ಸಾಲು ಓದುಗರ ಇಷ್ಟವನ್ನಲ್ಲ, ಬಹುಪಾಲು ಸಾಧನದ ಸೆಟ್ಟಿಂಗನ್ನು ಹೇಳುತ್ತದೆ. ಕನ್ನಡವನ್ನೇ ಓದುವ ಅಸಂಖ್ಯಾತ ಜನರ ಫೋನ್ ಇಂಗ್ಲಿಷಿನಲ್ಲಿರುತ್ತದೆ, ಏಕೆಂದರೆ ಕೊಂಡಾಗ ಅದು ಹಾಗೆ ಬಂದಿತ್ತು. ಐಪಿ ವಿಳಾಸದಿಂದ ಊರನ್ನು ಊಹಿಸಿ ಭಾಷೆ ತೀರ್ಮಾನಿಸುವುದು ಇನ್ನೂ ದುರ್ಬಲವಾದ ಊಹೆ, ಪ್ರಯಾಣದಲ್ಲಿರುವವರಿಗೆ ಅದರಿಂದ ಕಿರುಕುಳವೇ ಹೆಚ್ಚು. ಹುಡುಕಾಟಕ್ಕಾಗಿ ಪುಟಗಳನ್ನು ಓದುತ್ತ ಸಾಗುವ ಗೂಗಲ್‌ಬಾಟ್ ಸಾಮಾನ್ಯವಾಗಿ ಈ ಸಾಲನ್ನು ಕಳಿಸುವುದೇ ಇಲ್ಲವಾದ್ದರಿಂದ, ಬಂದವರನ್ನು ಕೇಳದೆಯೇ ಬೇರೆ ಪುಟಕ್ಕೆ ಕಳಿಸುವ ಬಲವಂತದ ತಿರುವು ಇರುವ ತಾಣದ ಒಂದು ಭಾಷೆ ಅದಕ್ಕೆ ಕಾಣದೆಯೇ ಹೋಗಬಹುದು.

ಊಹೆಯನ್ನು ಸೂಚನೆಯಾಗಿ ಬಳಸಿ, ಆಜ್ಞೆಯಾಗಿ ಬಳಸಬೇಡಿ. 'ಈ ಪುಟ ಕನ್ನಡದಲ್ಲಿಯೂ ಇದೆ' ಎಂಬ ತೆಳುವಾದ ಪಟ್ಟಿಯೊಂದನ್ನು ಮೇಲ್ಗಡೆ ತೋರಿಸಿ, ಒತ್ತುವುದನ್ನು ಅವರಿಗೇ ಬಿಡಿ. ತಿರುವು ಬೇಕೇ ಬೇಕೆಂದಿದ್ದರೆ ತಾಣದ ಮೂಲ ವಿಳಾಸಕ್ಕೆ ಬಂದವರಿಗೆ ಮಾತ್ರ ಅನ್ವಯಿಸಿ. ಯಾರಾದರೂ ಕಳಿಸಿದ ಒಳಪುಟದ ಕೊಂಡಿಯನ್ನು ಎಂದಿಗೂ ತಿರುಗಿಸಬೇಡಿ.

ಒಮ್ಮೆ ಆರಿಸಿದ ಭಾಷೆ ಮುಂದಿನ ಸಲವೂ ನೆನಪಿರಬೇಕು. ಹೇಗೆ?

ಒಳಪುಟಗಳಲ್ಲಿ ನೆನಪಿಡುವ ಅಗತ್ಯವೇ ಇಲ್ಲ: ಕೆಎನ್ ಫೋಲ್ಡರಿನ ಕೊಂಡಿಗಳೆಲ್ಲ ಕೆಎನ್ ಪುಟಗಳಿಗೇ ಹೋಗುತ್ತಿದ್ದರೆ ಓದುಗರು ಕನ್ನಡದಲ್ಲಿಯೇ ಉಳಿಯುತ್ತಾರೆ. ಮೂಲ ವಿಳಾಸಕ್ಕೆ ಮರಳಿ ಬಂದಾಗ ಮಾತ್ರ ನೆನಪು ಬೇಕು. ಬ್ರೌಸರಿನ ಲೋಕಲ್‌ಸ್ಟೋರೇಜ್ ಎಂಬ ಸಂಗ್ರಹದಲ್ಲಿ ಎರಡಕ್ಷರ ಬರೆದಿಟ್ಟು, ಮುಖಪುಟದಲ್ಲಿ ಅದನ್ನೋದಿ ಕಳಿಸಿದರಾಯಿತು. ಸರ್ವರೇ ತೀರ್ಮಾನಿಸುವುದಾದರೆ ಕುಕಿ ಬೇಕು. ಬಟನ್ ಒತ್ತಿದಾಗ ಮಾತ್ರ ಬರೆಯಿರಿ, ಪುಟ ತೆರೆದಾಗಲೆಲ್ಲ ಬರೆಯಬೇಡಿ. ಇಲ್ಲದಿದ್ದರೆ ಗೆಳೆಯರು ಕಳಿಸಿದ ಒಂದು ಇಂಗ್ಲಿಷ್ ಕೊಂಡಿ ತೆರೆದ ತಪ್ಪಿಗೆ ಅವರ ಆಯ್ಕೆಯೇ ಬದಲಾಗಿಬಿಡುತ್ತದೆ.

ಕನ್ನಡದಲ್ಲಿ ಹುಡುಕಿದರೂ ಗೂಗಲ್ ಇಂಗ್ಲಿಷ್ ಪುಟವನ್ನೇ ತೋರಿಸುತ್ತದೆ. ಏನು ಮಾಡಲಿ?

ಎರಡು ಪುಟಗಳು ಒಂದರ ಜೋಡಿ ಇನ್ನೊಂದು ಎಂದು ಹುಡುಕು ಎಂಜಿನ್ನಿಗೆ ಹೇಳಬೇಕು. ಪುಟದ ಹೆಡ್ ಭಾಗದಲ್ಲಿ ಆಲ್ಟರ್ನೇಟ್ ಎಂಬ ಸಂಬಂಧವುಳ್ಳ ಲಿಂಕ್ ಟ್ಯಾಗುಗಳನ್ನು ಬರೆದು, ಪ್ರತಿಯೊಂದಕ್ಕೂ ಎಚ್‌ರೆಫ್‌ಲ್ಯಾಂಗ್ ಕೊಡುವುದು ಇದರ ವಿಧಾನ. ಗೂಗಲ್ ಇದನ್ನು 2011ರಲ್ಲಿ ತಂದಿತು. ಯಾವ ಭಾಷೆಗೂ ಹೊಂದದವರನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ 'ಎಕ್ಸ್-ಡೀಫಾಲ್ಟ್' 2013ರಲ್ಲಿ ಸೇರಿತು.

ಹೆಚ್ಚಿನವರು ಸೋಲುವುದು ಮೂರು ಕಡೆ. ಕನ್ನಡ ಪುಟ ಇಂಗ್ಲಿಷಿನತ್ತ ಬೊಟ್ಟು ಮಾಡಿ, ಇಂಗ್ಲಿಷ್ ಪುಟ ಕನ್ನಡದತ್ತ ಬೊಟ್ಟು ಮಾಡದಿದ್ದರೆ ಆ ಸಂಬಂಧವನ್ನು ಗೂಗಲ್ ನಂಬುವುದಿಲ್ಲ. ಕೈಕುಲುಕುವುದಕ್ಕೆ ಎರಡು ಕೈ ಬೇಕು. ಪ್ರತಿ ಪುಟವೂ ಪಟ್ಟಿಯಲ್ಲಿ ತನ್ನನ್ನೂ ಸೇರಿಸಿಕೊಳ್ಳಬೇಕು, ಮತ್ತು ವಿಳಾಸಗಳು ಎಚ್‌ಟಿಟಿಪಿಎಸ್‌ನಿಂದ ಆರಂಭವಾಗುವ ಪೂರ್ಣ ವಿಳಾಸಗಳಾಗಿರಬೇಕು. ಮೂರನೆಯದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ: ಕನ್ನಡ ಪುಟದ ಕೆನಾನಿಕಲ್ ಟ್ಯಾಗ್ ಇಂಗ್ಲಿಷ್ ಪುಟದ ವಿಳಾಸವನ್ನೇ ಹೊತ್ತಿರುವುದು. ಅದರ ಅರ್ಥ 'ನಾನು ಬರೀ ನಕಲು, ಅಸಲು ಅಲ್ಲಿದೆ' ಎಂದು. ಹಾಗೆ ನೀವೇ ಬರೆದುಕೊಟ್ಟ ಮೇಲೆ ಕನ್ನಡ ಪುಟ ಫಲಿತಾಂಶದಲ್ಲಿ ಬಾರದಿರುವುದಕ್ಕೆ ಗೂಗಲ್ಲನ್ನು ದೂರುವಂತಿಲ್ಲ.

## ಕನ್ನಡದಿಂದಲೇ ಹುಟ್ಟುವ ಪ್ರಶ್ನೆಗಳು

ಕೆಲವರಿಗೆ ಚೌಕಗಳು ಕಾಣುತ್ತವೆ, ಕೆಲವರಿಗೆ ಪ್ರಶ್ನಾರ್ಥಕ ಚಿಹ್ನೆಗಳು. ಎಲ್ಲಿ ತಪ್ಪಿದೆ?

ಲಕ್ಷಣ ನೋಡಿಯೇ ರೋಗ ಹೇಳಬಹುದು. ಚೌಕಗಳು ಕಂಡರೆ ಓದುಗರ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಕಡತವನ್ನು ಉಳಿಸುವಾಗಲೇ ಯುಟಿಎಫ್-8 ಅಲ್ಲದ ಸಂಕೇತೀಕರಣದಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮದಲ್ಲಿ) ಉಳಿಸಿ ಅಕ್ಷರಗಳು ನಾಶವಾಗಿವೆ, ಮತ್ತೆ ಟೈಪಿಸದೆ ಬೇರೆ ದಾರಿಯಿಲ್ಲ. ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ ಅಕ್ಷರ ಮತ್ತೆ ಮತ್ತೆ ಬಂದರೆ ಕಡತ ಸರಿಯಿದೆ, ಬ್ರೌಸರ್ ಅದನ್ನು ತಪ್ಪಾಗಿ ಓದುತ್ತಿದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳು, ಅವುಗಳಲ್ಲಿ ಮೊದಲನೆಯದು ಹಾಗೆ ಕಾಣುತ್ತದೆ. ಇದಕ್ಕೆ ಮದ್ದು, ಕಡತದ ಸಂಕೇತೀಕರಣ ಯಾವುದೆಂದು ಬ್ರೌಸರಿಗೆ ಹೇಳುವ ಮೆಟಾ ಚಾರ್‌ಸೆಟ್ ಟ್ಯಾಗ್. ಅದು ಕಡತದ ಮೊದಲ 1024 ಬೈಟ್‌ಗಳೊಳಗೆ ಇರಬೇಕು. ಇನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯೇ ಕಂಡರೆ, ಪಠ್ಯವನ್ನು ಹಳೆಯ ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಲಾಗಿದೆ. ಅದನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಬೇಕು.

ಇಂಗ್ಲಿಷಿನಲ್ಲಿ ಚೆನ್ನಾಗಿದ್ದ ವಿನ್ಯಾಸ ಕನ್ನಡದಲ್ಲಿ ಕೆಡುತ್ತದೆ. ಒತ್ತಕ್ಷರಗಳು ಕತ್ತರಿಸಿ ಹೋಗುತ್ತವೆ. ಯಾಕೆ?

ಇಂಗ್ಲಿಷ್ ಅಕ್ಷರಗಳು ಸಾಲಿನಲ್ಲಿ ಅಕ್ಕಪಕ್ಕ ನಿಲ್ಲುತ್ತವೆ, ಕನ್ನಡದವು ಕೆಳಗೂ ಬೆಳೆಯುತ್ತವೆ. 'ರಾಷ್ಟ್ರ' ಎಂಬ ಪದವನ್ನು ಬಟನ್ನಿನ ಮೇಲೆ ಬರೆದು ನೋಡಿ: ಷಕಾರದ ಕೆಳಗೆ ಟಕಾರ, ಅದರ ಬಳಿ ರಕಾರದ ಒತ್ತು. ಬಟನ್ನಿಗೆ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಬಿಗಿದಿಟ್ಟು, ಹೊರಚಾಚಿದ್ದನ್ನು ಅಡಗಿಸುವ ನಿಯಮವಿದ್ದರೆ ಆ ಒತ್ತುಗಳ ಕಾಲು ಮುರಿಯುತ್ತದೆ. ಎತ್ತರವನ್ನು ಬಿಗಿಯದೆ ಒಳಅಂಚಿನಿಂದ ಜಾಗ ಕೊಡಿ. ಸಾಲಿನ ಎತ್ತರವನ್ನು ಕನ್ನಡಕ್ಕೆ 1.6ರಿಂದ 1.8ರವರೆಗೆ ಇಡುವುದು ನನ್ನ ರೂಢಿ. ಲ್ಯಾಂಗ್ ಗುಣ ಸರಿಯಿದ್ದರೆ, ಪುಟದ ವಿನ್ಯಾಸವನ್ನು ಹೇಳುವ ಸಿಎಸ್ಎಸ್‌ನ ಲ್ಯಾಂಗ್ ಆಯ್ಕೆಯಿಂದ ಈ ನಿಯಮ ಕನ್ನಡಕ್ಕೆ ಮಾತ್ರ ತಾಗುವಂತೆ ಮಾಡಬಹುದು. ಇಂಗ್ಲಿಷ್ ಶೀರ್ಷಿಕೆಗಳಿಗೆ ಅಂದವೆನಿಸುವ ಅಕ್ಷರಗಳ ನಡುವಿನ ಹೆಚ್ಚುವರಿ ಅಂತರ ಕನ್ನಡದಲ್ಲಿ ಪದವನ್ನು ಚಿಂದಿಮಾಡುತ್ತದೆ, ಅದನ್ನು ತೆಗೆದುಬಿಡಿ.

ಫಾಂಟಿನ ವಿಷಯದಲ್ಲಿ ಬಟನ್ನಿಗೆ ಸಂಬಂಧಿಸಿದ ತಮಾಷೆಯ ತೊಡಕೊಂದಿದೆ. ಕನ್ನಡದ ವೆಬ್‌ಫಾಂಟನ್ನು ಕನ್ನಡ ಅಕ್ಷರಗಳಿದ್ದಾಗ ಮಾತ್ರ ಇಳಿಸಿಕೊಳ್ಳುವಂತೆ ಯುನಿಕೋಡ್-ರೇಂಜ್ ನಿಯಮ ಬರೆದಿರುತ್ತೀರಿ. ಆದರೆ ಇಂಗ್ಲಿಷ್ ಪುಟದ ಮೂಲೆಯಲ್ಲಿ 'ಕನ್ನಡ' ಎಂಬ ಒಂದೇ ಪದವಿದೆಯಲ್ಲ. ಆ ಮೂರಕ್ಷರಕ್ಕಾಗಿ ಇಡೀ ಫಾಂಟ್ ಇಳಿಯುತ್ತದೆ. ಬಟನ್ನಿಗೆ ಮಾತ್ರ ಸಾಧನದಲ್ಲೇ ಇರುವ ಫಾಂಟ್ ಸಾಕೆಂದು ಬರೆದರೆ ಇದು ತಪ್ಪುತ್ತದೆ. ವಿಂಡೋಸಿನಲ್ಲಿ ನಿರ್ಮಲ ಯುಐ, ಮ್ಯಾಕಿನಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡಿನಲ್ಲಿ ನೋಟೊ ಕುಟುಂಬದ ಕನ್ನಡ ಫಾಂಟ್ ಹೇಗೂ ಇರುತ್ತವೆ.

ಪಠ್ಯವನ್ನೆಲ್ಲ ಜೇಸನ್ ಕಡತದಲ್ಲಿಟ್ಟು ಹೆಸರುಗಳನ್ನು ನಡುವೆ ತುಂಬಿಸುತ್ತಿದ್ದೇನೆ. ಕನ್ನಡ ವಾಕ್ಯಗಳು ವಿಚಿತ್ರವಾಗಿ ಬರುತ್ತಿವೆ. ಯಾಕೆ?

ಇಂಗ್ಲಿಷ್ ವಾಕ್ಯದಲ್ಲಿ ಖಾಲಿ ಜಾಗ ಬಿಟ್ಟು ಯಾವ ಹೆಸರನ್ನಾದರೂ ತುಂಬಬಹುದು, ಸಂಬಂಧ ಹೇಳುವ ಪದ ಅದರ ಹಿಂದೆಯೇ ಬೇರೆಯಾಗಿ ನಿಂತಿರುತ್ತದೆ. ಕನ್ನಡದಲ್ಲಿ ಆ ಸಂಬಂಧ ವಿಭಕ್ತಿಯಾಗಿ ಹೆಸರಿಗೇ ಅಂಟುತ್ತದೆ, ಮತ್ತು ಹೆಸರಿನ ಕೊನೆಯ ಅಕ್ಷರ ನೋಡಿಕೊಂಡು ರೂಪ ಬದಲಿಸುತ್ತದೆ. ಖಾಲಿ ಜಾಗದ ಮುಂದೆ 'ಗೆ' ಎಂದು ಬರೆದಿಟ್ಟರೆ 'ರವಿಗೆ' ಸರಿಹೋಗುತ್ತದೆ. 'ಗುರುಗೆ', 'ಪ್ರಕಾಶ್‌ಗೆ' ಆಡುಮಾತಿನಲ್ಲಿ ನಡೆದುಹೋಗುತ್ತವೆ. 'ಪುಸ್ತಕಗೆ' ಎಂಬುದು ಯಾವ ಕಿವಿಗೂ ಹಿತವಲ್ಲ, ಅದು 'ಪುಸ್ತಕಕ್ಕೆ' ಆಗಬೇಕು. ವಾಕ್ಯವನ್ನು ತುಂಡು ತುಂಡಾಗಿ ಅನುವಾದಿಸಿ ಸ್ಕ್ರಿಪ್ಟಿನಲ್ಲಿ ಜೋಡಿಸಿದರೆ ಇನ್ನೂ ಕಷ್ಟ, ಏಕೆಂದರೆ ಕ್ರಿಯಾಪದ ಕೊನೆಗೆ ಬರಬೇಕಾದ ಭಾಷೆಯಲ್ಲಿ ತುಂಡುಗಳ ಅನುಕ್ರಮವೇ ಬೇರೆ.

ಪರಿಹಾರ ಕೋಡಿನಲ್ಲಿಲ್ಲ, ವಾಕ್ಯರಚನೆಯಲ್ಲಿದೆ. ಇಡೀ ವಾಕ್ಯವನ್ನೇ ಒಂದು ಘಟಕವಾಗಿಡಿ. ತುಂಬುವ ಹೆಸರಿಗೆ ವಿಭಕ್ತಿ ಅಂಟದಂತೆ ವಾಕ್ಯವನ್ನು ಹೊರಳಿಸಿ. 'ರವಿಗೆ ಸ್ವಾಗತ' ಎನ್ನುವ ಬದಲು 'ಸ್ವಾಗತ, ರವಿ' ಎಂದರಾಯಿತು. 'ಪುಸ್ತಕಕ್ಕೆ ಸೇರಿಸಲಾಗಿದೆ' ಎನ್ನುವ ಬದಲು 'ಸೇರಿಸಲಾಗಿದೆ: ಪುಸ್ತಕ' ಎನ್ನಬಹುದು, ಅಥವಾ 'ಪುಸ್ತಕ ಎಂಬ ವಿಭಾಗಕ್ಕೆ' ಎಂದು ವಿಭಕ್ತಿಯನ್ನು ಇನ್ನೊಂದು ಪದದ ಹೆಗಲಿಗೇರಿಸಬಹುದು.

ಏಕವಚನ ಬಹುವಚನಗಳಲ್ಲಿಯೂ ಇಂಗ್ಲಿಷಿನ ಲೆಕ್ಕ ಹೊಂದದು. ಭಾಷೆಗಳ ರೂಢಿಗಳನ್ನು ಒಂದೆಡೆ ಕಲೆಹಾಕಿರುವ ಯುನಿಕೋಡಿನ ಸಿಎಲ್‌ಡಿಆರ್ ದತ್ತಾಂಶದ ಪ್ರಕಾರ ಇಂಗ್ಲಿಷಿನಲ್ಲಿ 0 ಬಹುವಚನದ ಗುಂಪಿಗೆ ಸೇರಿದರೆ, ಕನ್ನಡದಲ್ಲಿ 0 ಮತ್ತು 1 ಎರಡೂ ಏಕವಚನದ ಗುಂಪಿಗೆ ಸೇರುತ್ತವೆ. ಅರೇಬಿಕ್ಕಿನಲ್ಲಿ ಅಂಥ ಗುಂಪುಗಳು ಆರು, ಜಪಾನೀಸಿನಲ್ಲಿ ಒಂದೇ. '1 ಆದರೆ ಇದು, ಇಲ್ಲವಾದರೆ ಅದು' ಎಂದು ನೀವೇ ಬರೆಯದೆ, ಜಾವಾಸ್ಕ್ರಿಪ್ಟಿನಲ್ಲಿ ಸಿದ್ಧವಾಗಿರುವ ಇಂಟ್ಲ್ ಸೌಲಭ್ಯದ ಪ್ಲೂರಲ್‌ರೂಲ್ಸ್‌ಗೆ ಆ ತೀರ್ಮಾನ ಬಿಡುವುದು ಒಳ್ಳೆಯದು.

ಅಂಕಿಗಳು ಕನ್ನಡದಲ್ಲೇ ಬರಬೇಕೆ? ದಿನಾಂಕ ಹೇಗೆ?

ಇಂಟ್ಲ್ ಸೌಲಭ್ಯಕ್ಕೆ ಬರೀ ಕೆಎನ್ ಎಂದು ಕೊಟ್ಟರೆ 1, 2, 3 ಎಂಬ ಅಂಕಿಗಳೇ ಬರುತ್ತವೆ. ೧, ೨, ೩ ಬೇಕಿದ್ದರೆ ಸಂಕೇತಕ್ಕೆ 'ಯು-ಎನ್‌ಯು-ಕೆಎನ್‌ಡಿಎ' ಎಂಬ ಬಾಲ ಸೇರಿಸಬೇಕು. ಯಾವುದಾದರೂ ಸರಿ, ತಾಣದುದ್ದಕ್ಕೂ ಒಂದೇ ಇರಲಿ. ದಿನಾಂಕವನ್ನು 03/04/2025 ಎಂದು ಬರೆದರೆ ಏಪ್ರಿಲ್ 3 ಎಂದು ಓದುವವರೂ ಮಾರ್ಚ್ 4 ಎಂದು ಓದುವವರೂ ಇರುವುದರಿಂದ, ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಯಿರಿ.

## ಇನ್ನಷ್ಟು ಮುಂದೆ ಹೋದವರಿಗೆ

ಮೂರನೆಯ ಭಾಷೆಯಾಗಿ ಉರ್ದು ಸೇರಿಸಬೇಕಾಗಿದೆ. ಬಲದಿಂದ ಎಡಕ್ಕೆ ಬರುವ ಲಿಪಿಗೆ ಬೇರೆ ವಿನ್ಯಾಸ ಮಾಡಬೇಕೆ?

ಬೇರೆ ವಿನ್ಯಾಸ ಬೇಡ. ಎಚ್‌ಟಿಎಂಎಲ್ ಟ್ಯಾಗಿಗೆ ಲ್ಯಾಂಗ್ ಜೊತೆಗೆ ಡಿಐಆರ್ ಗುಣವನ್ನು 'ಆರ್‌ಟಿಎಲ್' ಎಂದು ಕೊಟ್ಟರೆ ಪುಟದ ಹರಿವು ತಿರುಗುತ್ತದೆ. ಸಿಎಸ್ಎಸ್‌ನಲ್ಲಿ ಎಡ, ಬಲ ಎಂದು ಬರೆದ ಅಂಚುಗಳು ಮಾತ್ರ ತಿರುಗದೆ ನಿಂತುಬಿಡುತ್ತವೆ. ಅವನ್ನು ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್ ಮುಂತಾದ, ಆರಂಭ ಮತ್ತು ಅಂತ್ಯದ ಲೆಕ್ಕದ ಹೆಸರುಗಳಿಗೆ ಬದಲಿಸಿಕೊಳ್ಳಬೇಕು. ಕನ್ನಡ ಪುಟದಲ್ಲಿ ಕಾಣುವ ಉರ್ದು ಕೊಂಡಿಗೂ ಡಿಐಆರ್ ಕೊಡುವುದನ್ನು ಮರೆಯಬೇಡಿ.

ಒಬ್ಬರು ಕನ್ನಡ ಆರಿಸಿದರೆ ಇನ್ನೊಬ್ಬರಿಗೂ ಕನ್ನಡವೇ ಬರುತ್ತದೆ. ಇದೇನು ಮಾಯೆ?

ಮಾಯೆಯಲ್ಲ, ಕ್ಯಾಶ್, ಅಂದರೆ ಒಮ್ಮೆ ಕೊಟ್ಟ ಪುಟದ ಪ್ರತಿಯನ್ನು ಇಟ್ಟುಕೊಂಡು ಮತ್ತೆ ಕೊಡುವ ವ್ಯವಸ್ಥೆ. ಒಂದೇ ವಿಳಾಸದಲ್ಲಿ ಎರಡು ಭಾಷೆ ಕೊಡುತ್ತಿದ್ದೀರಿ, ಸರ್ವರಿಗೂ ಓದುಗರಿಗೂ ನಡುವೆ ನಿಂತು ಪುಟಗಳನ್ನು ಹಂಚುವ ಸಿಡಿಎನ್ ಮೊದಲು ಬಂದವರಿಗೆ ಕೊಟ್ಟದ್ದನ್ನೇ ಉಳಿದವರಿಗೂ ಹಂಚುತ್ತಿದೆ. ಉತ್ತರದ ಜೊತೆಗೆ ವೇರಿ ಎಂಬ ಹೆಡರಿನಲ್ಲಿ ಆಕ್ಸೆಪ್ಟ್-ಲ್ಯಾಂಗ್ವೇಜ್ ಎಂದು ಕಳಿಸಿದರೆ ಭಾಷೆಗೊಂದು ಪ್ರತಿ ಇಡುವಂತೆ ಕ್ಯಾಶಿಗೆ ತಿಳಿಯುತ್ತದೆ. ಆದರೆ ಆ ಸಾಲು ಬ್ರೌಸರಿನಿಂದ ಬ್ರೌಸರಿಗೆ ಬದಲಾಗುವುದರಿಂದ ಪ್ರತಿಗಳು ಬೇಕಾಬಿಟ್ಟಿ ಹೆಚ್ಚುತ್ತವೆ, ಕುಕಿಯಿಂದ ತೀರ್ಮಾನಿಸುತ್ತಿದ್ದರಂತೂ ಅದು ಉಪಯೋಗಕ್ಕೇ ಬಾರದು. ಎರಡು ಭಾಷೆಗೆ ಎರಡು ವಿಳಾಸ ಕೊಟ್ಟರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಎಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಅರ್ಧ ಗಂಟೆಯ ಕೆಲಸ. ಮೊದಲು ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ, ತಾಣದ ತೀರ ಒಳಗಿನ ಒಂದು ಪುಟ ತೆರೆದು ಬಟನ್ ಒತ್ತಿ. ಅದೇ ಪುಟ ಇನ್ನೊಂದು ಭಾಷೆಯಲ್ಲಿ ತೆರೆಯಬೇಕು. ಅಲ್ಲಿಂದ ಮತ್ತೆ ಒತ್ತಿ. ಹೊರಟಲ್ಲಿಗೇ ಬಂದು ಸೇರಬೇಕು. ನಂತರ ಮೌಸ್ ಬಿಟ್ಟು ಟ್ಯಾಬ್ ಮತ್ತು ಎಂಟರ್ ಗುಂಡಿಗಳಿಂದಷ್ಟೇ ಇದನ್ನು ಮಾಡಿ. ಫೋನಿನಲ್ಲಿ ಪರದೆ ಓದುವ ಸೌಲಭ್ಯ ಹಾಕಿ, ಕಣ್ಣು ಮುಚ್ಚಿ ಕನ್ನಡ ಪುಟವನ್ನು ಕೇಳಿ. ಪ್ರೈವೇಟ್ ಕಿಟಕಿಯಲ್ಲಿ ಎರಡೂ ಭಾಷೆಯ ಕೊಂಡಿಗಳನ್ನು ಅಂಟಿಸಿ, ಯಾವುದೂ ತಿರುಗದೆ ತನ್ನ ಭಾಷೆಯಲ್ಲಿಯೇ ತೆರೆಯುತ್ತದೆಯೇ ನೋಡಿ. ಕಡೆಗೆ, ಇಂಗ್ಲಿಷ್ ಓದಲು ಬಾರದ ಒಬ್ಬರ ಕೈಗೆ ಇಂಗ್ಲಿಷ್ ಪುಟ ತೆರೆದಿರುವ ಫೋನ್ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೋ ಬಟನ್ ಅಲ್ಲಿರಬೇಕಾಗಿತ್ತು.